ಬಹುಮಾನ ಬಂದ ಬೇವಿನಕಟ್ಟೆ

ಹೌದು ಗೆಳೆಯರೇ, ಆ ಪ್ರಬಂಧದ ಬಹುಮಾನ ನನಗೇ ಬಂತು. ‘ನಮ್ಮ ಊರಿನ ಉತ್ತಮ ಸಾರ್ವಜನಿಕ ಸ್ಥಳ’ ಅಂತ ಹರಿಹರದ ಸರ್ಕಾರಿ ಆಫೀಸಿನವರು ವಿಷಯ ಕೊಟ್ಟಿದ್ದಕ್ಕೆ ಉಳಿದವರೆಲ್ಲ ದಾವಣಗೆರೆಯ ದೊಡ್ಡ ಕಟ್ಟಡಗಳನ್ನು ಹೊಗಳಿದ್ದರು. ಮೂರನೇ ಕ್ಲಾಸು ಓದಿದ ನಾನು, ಮಿಲ್ಲಿನ ದಾರಿಯಲ್ಲಿರುವ ನಮ್ಮ ಬೇವಿನಕಟ್ಟೆಯ ಬಗ್ಗೆ ಬರೆದಿದ್ದೆ. ದಿನಾ ಸಂಜೆ ಮಂಡಕ್ಕಿ ತಿಂದು ಹರಟುವ ಜಾಗ ನಮಗೆ ಅದೊಂದೇ.

ಇವತ್ತು ಬೆಳಿಗ್ಗೆ ಆ ಆಫೀಸಿನಿಂದ ತೀರ್ಪುಗಾರರು ಕಟ್ಟೆ ನೋಡಲು ಬಂದರು. ಆರಾಮಾಗಿ ಕೂತು, ನಾನು ತರಿಸಿದ ಮೆಣಸಿನಕಾಯಿ ಬಜ್ಜಿ ಖಾಲಿ ಮಾಡಿದರು. ಹಿರಿಯರೊಬ್ಬರು ಕಲ್ಲು ಸವರಿ, “ಎಂಥಾ ವಾಸ್ತುಶಿಲ್ಪ! ಇದನ್ನ ಕಾಪಾಡ್ಬೇಕ್ರಿ” ಅಂದರು. ನಾನು ಎದೆ ಉಬ್ಬಿಸಿದೆ.

ಸಂಜೆ ಹೋದರೆ ಕಟ್ಟೆಯ ಸುತ್ತ ಮುಳ್ಳುತಂತಿ! ಮೇಲೊಂದು ಬೋರ್ಡು: ‘ಉತ್ತಮ ಸಾರ್ವಜನಿಕ ಸ್ಥಳ. ಸಾರ್ವಜನಿಕರಿಗೆ ಪ್ರವೇಶವಿಲ್ಲ.’

“ಯಾಕಪ್ಪ, ಕೂಡಾಕ ಬಿಡಲ್ವಾ?” ಅಂತ ಕಾವಲುಗಾರನನ್ನು ಕೇಳಿದೆ.

“ಕುಂತ್ರೆ ಕಲ್ಲು ಸವೆದು ಹೋಗ್ತಾವಂತ್ರಿ. ಯಾರೋ ಪುಣ್ಯಾತ್ಮ ಇದರ ಮ್ಯಾಲೆ ಪ್ರಬಂಧ ಬರ್ದಾನಂತೆ.”

ಹಾಸಿಗೆ ಹೊಲಿಯುವ ಗೆಳೆಯ ಇಮಾಮ್ ಸಾಬ್ ನನ್ನ ಹೆಗಲ ಮೇಲೆ ಕೈ ಹಾಕಿ, “ಶಭಾಶ್ ರುದ್ರಣ್ಣ! ಮುಂದಿನ ಸಲ ಅವರ ಆಫೀಸಿನ ಮ್ಯಾಲೆ ಬರಿ. ಅದಕ್ಕೂ ಬೇಲಿ ಬೀಳ್ಲಿ” ಅಂದ.

ಈಗ ಇಡೀ ಗುಂಪು ನಮ್ಮ ಮನೆಯ ಜಗಲಿ ಮೇಲೆ ಕೂತಿದೆ. ಕೈಮುಗಿದು ಕೇಳುತ್ತೇನೆ, ಈ ಜಗಲಿಯ ಬಗ್ಗೆ ಮಾತ್ರ ಯಾರೂ ಪ್ರಬಂಧ ಬರೆಯಬೇಡಿ. ಇಗೋ, ಒಳಗಿಂದ ನನ್ನ ಹೆಂಡತಿ ಕೂಗುತ್ತಿದ್ದಾಳೆ:

“ಉಣ್ಣಾಕ ಬರ್ರಿ! ಅಡುಗೆಮನಿಗೆ ಇನ್ನೂ ಬೇಲಿ ಹಾಕಿಲ್ಲ!”