ಎಂಜಿನ್ ನಿಂತ ಮೇಲೂ ಬಂದ ಬಡಿತ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಮೆಲ್ಲಗೆ ಎದ್ದು ಹೋಗುತ್ತಿದ್ದವನು ನಾನು. ಏನೋ ಕೇಳಿಸಿತು ಅನ್ನುವವರಿಗೆ ಕಿವಿ ಸರಿಯಿಲ್ಲ, ಏನೋ ಕಾಣಿಸಿತು ಅನ್ನುವವರಿಗೆ ನಿದ್ದೆ ಸಾಲದು ಎಂದುಕೊಳ್ಳುತ್ತಿದ್ದೆ. ನನ್ನ ಕಸುಬೂ ಅದಕ್ಕೆ ತಕ್ಕಂತೆಯೇ ಇತ್ತು. ಪಾಂಡವಪುರದಲ್ಲಿ ನನ್ನದೊಂದು ಗ್ಯಾರೇಜು. ಕಾರಿನ ಎಂಜಿನ್ನಿಗೆ ಲ್ಯಾಪ್‌ಟಾಪ್ ಜೋಡಿಸಿ, ಅದರ ಸೆನ್ಸರುಗಳು ಹೇಳುವುದನ್ನು ಓದಿ, ಪೆಟ್ರೋಲು, ಗಾಳಿ, ಕಿಡಿ ಹಾರುವ ಹೊತ್ತು ಎಲ್ಲವನ್ನೂ ಹೊಂದಿಸಿಕೊಡುತ್ತೇನೆ. ಸೆನ್ಸರು ಕೆಟ್ಟರೆ ಕೆಟ್ಟಿದ್ದು ತಿಳಿಯುತ್ತದೆ, ಬದಲಾಯಿಸಿದರೆ ಮುಗಿಯಿತು. ಅದರಲ್ಲಿ ನಂಬುವ, ನಂಬದಿರುವ ಪ್ರಶ್ನೆಯೇ ಇಲ್ಲ. ಹಾಗಂತ ಆ ದಿನದವರೆಗೂ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಶೀಳನೆರೆಯ ಶಿವಲಿಂಗ ನನ್ನ ಹಳೆಯ ಗೆಳೆಯ. ಮನೆಯಲ್ಲಿ ಹಸು ಕಟ್ಟಿಕೊಂಡು ಹಾಲಿನ ವ್ಯವಹಾರ ಮಾಡುತ್ತಿದ್ದನಾದರೂ ಅವನ ಪ್ರಾಣವೆಲ್ಲ ಒಂದು ಹಳೆಯ ಕಾರಿನಲ್ಲಿತ್ತು. ಎಂಜಿನ್ನಿನ ಬಲ ಹೆಚ್ಚಲೆಂದು ಅದಕ್ಕೆ ಟರ್ಬೊ ಹಾಕಿಸಿದ್ದ, ದೊಡ್ಡ ಸೈಲೆನ್ಸರು ಹಾಕಿಸಿದ್ದ. ಆದರೆ ಜೋರಾಗಿ ಒತ್ತಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಸರಿಮಾಡಿಕೊಡು ಎಂದು ನನ್ನ ಹತ್ತಿರ ತಂದ. ಇಂಥ ಕೆಲಸ ಗ್ಯಾರೇಜಿನಲ್ಲಿ ನಿಂತು ಮುಗಿಯುವುದಿಲ್ಲ, ರಸ್ತೆಯ ಮೇಲೆ ಓಡಿಸುತ್ತಲೇ ನೋಡಬೇಕು. ನಾಗಮಂಗಲ ದಾಟಿ ಹೊಣಕೆರೆ ಕಡೆಗೆ ಜನಸಂಚಾರ ಕಡಿಮೆ ಇರುವ ಒಂದು ನೇರ ರಸ್ತೆ ನನಗೆ ಗೊತ್ತಿತ್ತು. ಮಧ್ಯಾಹ್ನ ಅಲ್ಲಿಗೆ ಹೋದೆವು.

ಇಲ್ಲಿ ನಾಕ್ ಸೆನ್ಸರ್ ಬಗ್ಗೆ ಒಂದು ಮಾತು ಹೇಳಬೇಕು. ಅದು ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಕೂರಿಸಿದ ಒಂದು ಕಿವಿ. ಒಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಸಿಡಿದರೆ ಲೋಹಕ್ಕೆ ಲೋಹ ಬಡಿದಂತೆ ಸದ್ದಾಗುತ್ತದೆ. ಅದನ್ನು ಕೇಳಿಸಿಕೊಂಡು ಹೇಳುವುದಷ್ಟೇ ಅದರ ಕೆಲಸ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ಸದ್ದು ಮುಳ್ಳಿನ ಹಾಗೆ ಏಳುತ್ತದೆ.

ಶಿವಲಿಂಗ ಓಡಿಸಿದ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊಗೆಯನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಪೆಟ್ರೋಲು ಸರಿಮಾಡಿದ ಮೇಲೆ ಮುಗ್ಗರಿಸುವುದು ನಿಂತಿತು. ಆದರೆ ಒಂದು ಹೊಂಗೆಮರದ ಹತ್ತಿರ ಬಂದಾಗ ಮಾತ್ರ ಪರದೆಯ ಮೇಲೆ ಮುಳ್ಳುಗಳು ಎದ್ದವು. ಬಡಿತ ತಪ್ಪಲೆಂದು ಕಿಡಿ ಹಾರುವ ಹೊತ್ತನ್ನು ಸ್ವಲ್ಪ ತಡಮಾಡಿದೆ. ಮತ್ತೆ ಅದೇ ಜಾಗದಲ್ಲಿ ಎದ್ದವು. ನಿಧಾನವಾಗಿ ಓಡಿಸಿದರೂ ಎದ್ದವು. ವೈರು ಎಲ್ಲೋ ಸಡಿಲವಾಗಿರಬೇಕೆಂದು ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿದೆ. ಲ್ಯಾಪ್‌ಟಾಪಿಗೆ ಬೇಕಾದ್ದರಿಂದ ಕೀ ಮಾತ್ರ ಆನ್‌ನಲ್ಲಿತ್ತು.

ಎಂಜಿನ್ ತಿರುಗದಿದ್ದರೆ ಆ ಕಿವಿಗೆ ಕೇಳಲು ಏನೂ ಇರುವುದಿಲ್ಲ. ಪರದೆಯ ಮೇಲಿನ ಗೆರೆ ಚಪ್ಪಟೆಯಾಗಿರಬೇಕು. ಆದರೆ ಬಡಿತ ಬರುತ್ತಿತ್ತು. ಒಂದಷ್ಟು ಏಟು, ಸ್ವಲ್ಪ ಬಿಡುವು, ಮತ್ತೆ ಒಂದಷ್ಟು ಏಟು. ಬಾಗಿಲ ಹೊರಗೆ ನಿಂತವರು ಬಡಿಯುವ ಹಾಗೆ.

"ಎಂಜಿನ್ ಆಫ್ ಆಗ್ಯದೆ ಕಣ್ಲಾ. ಅದೇನು ಕೇಳಿಸ್ಕತಾ ಕೂತದೆ?" ಎಂದ ಶಿವಲಿಂಗ.

ನಾನು ಬಾನೆಟ್ ಎತ್ತಿ ಸೆನ್ಸರಿನ ವೈರು ಕಿತ್ತೆ. ಗೆರೆ ಚಪ್ಪಟೆಯಾಯಿತು. ಜೋಡಿಸಿದೆ, ಬಡಿತ ಬಂತು. ಚೀಲದಲ್ಲಿದ್ದ ಹೊಸ ಸೆನ್ಸರು ಹಾಕಿದೆ, ಅದರಲ್ಲೂ ಬಂತು. ಶಿವಲಿಂಗ ಎಂಜಿನ್ನಿಗೆ ಕಿವಿಗೊಟ್ಟು, ಏನೂ ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದ. ಕಾರನ್ನು ಸ್ವಲ್ಪ ದೂರ ತಳ್ಳಿದೆವು. ಬಡಿತ ನಿಂತಿತು. ಮತ್ತೆ ಮರದ ಕೆಳಗೆ ತಳ್ಳಿಕೊಂಡು ಬಂದೆವು. ಶುರುವಾಯಿತು.

ಶಿವಲಿಂಗ ಬಾನೆಟ್ ಮುಚ್ಚಿದ. "ನಡೀಲಾ, ಓಗಮ. ಈ ಜಾಗ ಸರ್ಯಾಗಿಲ್ಲ."

ನನಗೂ ಹೋಗಬೇಕೆನ್ನಿಸಿತ್ತು. ಆದರೆ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಏಟುಗಳು ಸಣ್ಣವಾಗುತ್ತಿದ್ದವು, ನಡುವಿನ ಬಿಡುವು ಉದ್ದವಾಗುತ್ತಿತ್ತು. ಯಾರೋ ಬಡಿದು ಬಡಿದು ಸುಸ್ತಾಗುತ್ತಿದ್ದಾರೆ ಅನ್ನುವ ಯೋಚನೆ ಆಗಲೇ ನನಗೆ ಬಂದದ್ದು. ಒಂದು ಬಿಡುವು ಎಷ್ಟು ಉದ್ದವಾಯಿತೆಂದರೆ ನಾನು ಪರದೆಗೆ ಬಗ್ಗಿ ಮುಂದಿನ ಏಟಿಗೆ ಕಾಯುತ್ತಿದ್ದೆ.

ಅಷ್ಟರಲ್ಲಿ ಹೊಲದ ಕಡೆಯಿಂದ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದರು. ಜಯಮ್ಮ ಎಂದು ಆಮೇಲೆ ಗೊತ್ತಾಯಿತು.

"ನಮ್ಮ ಯಜಮಾನ್ರನ್ನೇನಾರ ನೋಡುದ್ರಾ ಸ್ವಾಮಿ? ತಲೆಗೆ ಅಸ್ರು ಟವಲ್ಲು ಸುತ್ಕಂಡವ್ರೆ. ಬೆಳಗ್ಗೆ ಮೇಕೆಮರಿ ಉಡುಕ್ಕಂಡು ಓದೋರು ಊಟಕ್ಕೂ ಬಂದಿಲ್ಲ. ಮೋಟ್ರು ತಾವೂ ಇಲ್ಲ, ತ್ವಾಟದಲ್ಲೂ ಇಲ್ಲ."

ಶಿವಲಿಂಗ ನನ್ನನ್ನು ನೋಡಿದ. ನಾನು ಕೇಳಿದೆ, "ಇಲ್ಲಿ ರಸ್ತೆ ಪಕ್ಕದಲ್ಲಿ ಏನಿದೆಯಮ್ಮ?"

"ಏನೂ ಇಲ್ಲ. ಆ ಪೊದೆ ಒಳಗೆ ಒಂದು ಪಾಳು ಬಾವಿ ಅದೆ. ಅತ್ತಾಗೆ ಯಾರೂ ಓಗಕಿಲ್ಲ."

ಅಷ್ಟು ಹೇಳಿದವರೇ ಅವರು ಪೊದೆಯ ಕಡೆ ತಿರುಗಿದರು. ಮೂವರೂ ಪೊದೆಯ ಕಡೆ ಓಡಿದೆವು. ಬಾವಿ ಹೊಂಗೆಮರದಿಂದ ಕೂಗಳತೆಯಷ್ಟೂ ದೂರವಿರಲಿಲ್ಲ. ಒಂದು ಕಡೆ ಲಂಟಾನದ ಕೊಂಬೆಗಳು ಹೊಸದಾಗಿ ಮುರಿದಿದ್ದವು. ಬಗ್ಗಿ ನೋಡಿದರೆ ಕೆಳಗೆ ಕೆಸರಿನಲ್ಲಿ ಹಸಿರು ಟವೆಲ್ಲು, ಅದರ ಪಕ್ಕ ಒಬ್ಬ ಮನುಷ್ಯ. ಮೇಲಿನ ಕಟ್ಟೆಯ ಕಲ್ಲುಗಳು ಅವರೊಂದಿಗೇ ಕುಸಿದು ತೋಳುಗಳ ಮೇಲೆ ಬಿದ್ದಿದ್ದವು. ಕಣ್ಣು ತೆರೆದಿತ್ತು, ದನಿ ಇರಲಿಲ್ಲ.

ಭಯದಿಂದ ಹೋಗೋಣ ಎಂದಿದ್ದ ಶಿವಲಿಂಗನೇ ಕಾರಿನಲ್ಲಿದ್ದ ಹಗ್ಗವನ್ನು ಬಾವಿಯ ಪಕ್ಕದ ಒಂದು ಮರಕ್ಕೆ ಕಟ್ಟಿ ಮೊದಲು ಕೆಳಗಿಳಿದ. ಜಯಮ್ಮ ಊರಿನ ಕಡೆಗೆ ಕೂಗುತ್ತಾ ಓಡಿ ಜನ ಕರೆತಂದರು. ಜಯಮ್ಮನ ಗಂಡ ಬೋರೇಗೌಡರನ್ನು ಮೇಲೆತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸುವ ಹೊತ್ತಿಗೆ ನಮ್ಮ ಮೈಯೆಲ್ಲ ಕೆಸರು. ನಾಗಮಂಗಲದವರೆಗೆ ಶಿವಲಿಂಗ ಹೇಗೆ ಓಡಿಸಿದನೋ ಅವನಿಗೇ ಗೊತ್ತು. ಲ್ಯಾಪ್‌ಟಾಪ್ ನನ್ನ ಕಾಲ ಬಳಿ ತೆರೆದೇ ಬಿದ್ದಿತ್ತು. ನಡುವೆ ಒಮ್ಮೆ ಅದರ ಮೇಲೆ ಕಣ್ಣು ಹೋಯಿತು. ಎಂಜಿನ್ ಕಿರುಚುತ್ತಿತ್ತು, ನಾಕ್ ಗೆರೆ ಮಾತ್ರ ಚಪ್ಪಟೆಯಾಗಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ತೋಳಿನ ಮೇಲೆ ಕಲ್ಲು ಬಿದ್ದಿದ್ದರೂ ಬೋರೇಗೌಡರು ಹೇಗಾದರೂ ಒಂದು ಕಲ್ಲು ಹಿಡಿದು ಬಾವಿಯ ಗೋಡೆ ಬಡಿದಿರಬೇಕು, ಅದು ನೆಲದ ಮೂಲಕ ಹೇಗೋ ಸೆನ್ಸರಿಗೆ ಮುಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಟೈರಿನ ರಬ್ಬರು ದಾಟಿ ಅದು ಹೇಗೆ ಬರುತ್ತದೆ ಎಂದು ಶ್ರೀರಂಗಪಟ್ಟಣದ ಎಲೆಕ್ಟ್ರಾನಿಕ್ಸ್ ಗೆಳೆಯನೊಬ್ಬ ಕೇಳಿದ. ಆದರೂ ಆ ವಿವರಣೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಬೋರೇಗೌಡರು ಮನೆಗೆ ಬಂದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಎರಡೂ ಕೈಗೆ ಪಟ್ಟಿ ಕಟ್ಟಿದ್ದರು, ಜಯಮ್ಮನೇ ಕಾಫಿ ಕುಡಿಸುತ್ತಿದ್ದರು. ಒಳಗಿಂದ ಕಲ್ಲಿನಲ್ಲಿ ಬಡಿದಿರಾ ಎಂದು ಕೇಳಿದೆ.

"ಕೈ ಎಲ್ಲಿತ್ತಪ್ಪ ಬಡಿಯಕೆ? ಬಿದ್ದೇಟ್ಗೆ ಎರಡೂ ಮುರುದೋಗಿದ್ವು," ಎಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು. "ಬಡೀತಿದ್ದೋರು ನೀವಲ್ವಾ? ಮೇಲಿಂದ ಬುಟ್ಟು ಬುಟ್ಟು ಕೇಳುಸ್ತಿತ್ತು. ಕಣ್ಣು ಮುಚ್ಚೋಗೋದು, ಆಗ ಬಡಿಯೋರು. ಯಾರೋ ಅವ್ರೆ, ನಿದ್ದೆ ಮಾಡ್ಬಾರ್ದು ಅಂತ ಕಣ್ ಬುಟ್ಕಂಡು ಮನಗಿದ್ದೆ."

ಶಿವಲಿಂಗ ಕಾಫಿ ಲೋಟ ಕೆಳಗಿಟ್ಟ. ಅಲ್ಲ ಎಂದು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಬೋರೇಗೌಡರು ನಾವೇ ಎಂದುಕೊಂಡು ಇವತ್ತಿಗೂ ನಮಗೆ ಕೈ ಮುಗಿಯುತ್ತಾರೆ. ನಾನು ಇವತ್ತಿಗೂ ಸೆನ್ಸರುಗಳನ್ನು ಓದಿಯೇ ಹೊಟ್ಟೆ ಹೊರೆಯುತ್ತೇನೆ. ಆ ಮಧ್ಯಾಹ್ನ ಅವರಿಗೂ ನನ್ನ ಸೆನ್ಸರಿಗೂ ಒಟ್ಟಿಗೆ ಕೇಳಿಸಿದ ಆ ಬಡಿತ ಯಾರದೆಂದು ಮಾತ್ರ ನನಗೆ ಗೊತ್ತಿಲ್ಲ.