ಬಾರದ ತುಂಡಿನ ಜಾಗ

ನಮ್ಮಕ್ಕನಿಗೆ ಕಾಲೇಜಿನಲ್ಲಿ ಕಲ್ಲು ಮೇಡಂ ಎಂದೇ ಹೆಸರು. ಸಿವಿಲ್ ಎಂಜಿನಿಯರಿಂಗ್ ಮಕ್ಕಳಿಗೆ ಭೂವಿಜ್ಞಾನದ ಮೊದಲ ಪಾಠಗಳನ್ನು ಹೇಳುತ್ತಾಳೆ. ಸಿಮೆಂಟು, ಕಬ್ಬಿಣ ಎಂದರೆ ಕಿವಿ ನಿಮಿರಿಸುವ ಆ ಮಕ್ಕಳು ಕಲ್ಲು ಎಂದರೆ ಆಕಳಿಸುತ್ತವೆ. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ದಡ್ಡೆಂದು ಮೇಜಿನ ಮೇಲಿಡುತ್ತಾಳೆ. ಕಟ್ಟಡ ಏಳುವ ಮೊದಲು ನೆಲ ಕೊರೆದು ತೆಗೆದ ಕಲ್ಲಿನ ತುಂಡುಗಳು ಅದರಲ್ಲಿ ಆಳದ ಕ್ರಮದಲ್ಲೇ ಮಲಗಿರುತ್ತವೆ. ನಡುನಡುವೆ ಬರೀ ಮರದ ತುಂಡು.

"ಇಲ್ಲಿ ಏನೂ ಮೇಲೆ ಬರ್ಲಿಲ್ಲ. ಮೆತ್ತಗಿದ್ದದ್ದು ಕೊರೆಯೋವಾಗ್ಲೇ ನೀರಲ್ಲಿ ಕೊಚ್ಚಿಹೋಯ್ತು. ಅದರ ಜಾಗ ಬಿಡ್ಲೇಬೇಕು. ಕಟ್ಟಡ ಬೀಳಿಸೋದು ಬಂದ ಕಲ್ಲಲ್ಲ, ಬಾರದೇ ಹೋದದ್ದು," ಎನ್ನುತ್ತಾಳೆ ಆ ಮರದ ತುಂಡು ತೋರಿಸಿ.

ನಮ್ಮಣ್ಣ, ಅಂದರೆ ಅವಳ ತಮ್ಮ, ಈ ಪಾಠ ಕೇಳಿಯೇ ಎಂಜಿನಿಯರ್ ಆದವನು. ಗುಡ್ಡದ ಬದಿಯಲ್ಲಿ ಏಳಲಿದ್ದ ವಸತಿ ಕಟ್ಟಡ ಅವನು ಹಿಡಿದ ಮೊದಲ ದೊಡ್ಡ ಕೆಲಸ. ಖುಷಿಯಿಂದ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಅಲ್ಲಿನ ಪೆಟ್ಟಿಗೆ ತೋರಿಸಿದ. ತುಂಡುಗಳೆಲ್ಲ ಒತ್ತೊತ್ತಾಗಿ ಕೂತಿದ್ದವು.

"ನಡುವಿನ ಜಾಗಗಳೆಲ್ಲ ಎಲ್ಲೋ?" ಎಂದಳು ಅಕ್ಕ.

"ಮಾಲೀಕರು ನೋಡೋಕೆ ಬರ್ತಾರೆ, ಚೊಕ್ಕಟವಾಗಿರ್ಲಿ ಅಂತ ಹತ್ತಿರ ಜೋಡಿಸಿದೆ ಅಕ್ಕ. ಬಂದ ಕಲ್ಲೆಲ್ಲ ಗಟ್ಟಿಯಾಗೇ ಇದೆಯಲ್ಲ."

"ಎಲ್ಲಿ ಏನು ಬರ್ಲಿಲ್ಲ ಅಂತ ಈಗ ಯಾರಿಗೆ ಗೊತ್ತು? ಮತ್ತೆ ಕೊರೆಸು."

"ಹಾಗಂದ್ರೆ ನನ್ನನ್ನೇ ತೆಗೆದುಹಾಕ್ತಾರೆ. ದಯವಿಟ್ಟು ಸುಮ್ನಿರು."

ಅಕ್ಕ ಸುಮ್ಮನಿರುವ ಪೈಕಿಯವಳಲ್ಲ. ಮಾಲೀಕರಿಗೆ ತಾನೇ ಹೇಳಿದಳು. ಜೋಪಾನವಾಗಿ ಮತ್ತೆ ಕೊರೆದಾಗ ಕಲ್ಲುಗಳ ನಡುವೆ, ಇಳಿಜಾರಿನ ಕಡೆಗೇ ವಾಲಿಕೊಂಡಿದ್ದ ಜೇಡಿಮಣ್ಣಿನ ಪದರ ಸಿಕ್ಕಿತು. ಮಳೆಗೆ ನೆನೆದರೆ ಕಟ್ಟಡವೇ ಅದರ ಮೇಲೆ ಜಾರಿಬಿಡುತ್ತಿತ್ತು. ಅಣ್ಣನ ಕೆಲಸ ಹೋಯಿತು. "ನಿಂಗೆ ತಮ್ಮನಿಗಿಂತ ಕಲ್ಲೇ ಹೆಚ್ಚು," ಎಂದು ಹೊರಟವನು ಮತ್ತೆ ಮನೆ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದರೂ ಎತ್ತಲಿಲ್ಲ. ನನಗಂತೂ ಇಬ್ಬರ ಮೇಲೂ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಕಟ್ಟಡದಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಮಲಗಬೇಕಾದವರನ್ನು ನೆನೆದರೆ ಅಕ್ಕನನ್ನು ಬೈಯಲು ಬಾಯಿ ಬರುತ್ತಿರಲಿಲ್ಲ.

ಊಟದ ಮೇಜಿನ ಬಳಿ ಅವನ ಖಾಲಿ ಕುರ್ಚಿ ಕಂಡಾಗಲೆಲ್ಲ ಅಮ್ಮನ ಕಣ್ಣು ತುಂಬುತ್ತಿತ್ತು. ಕೊನೆಗೆ ತಾಳಲಾರದೆ ಅದನ್ನು ಒಳಕೋಣೆಗೆ ಸಾಗಿಸಿ, ನನ್ನ ಮತ್ತು ಅಕ್ಕನ ಕುರ್ಚಿಗಳನ್ನು ಹತ್ತಿರ ಸರಿಸಿಬಿಟ್ಟಳು. ಮೇಜು ಈಗ ಚೊಕ್ಕಟವಾಗಿ ಕಾಣುತ್ತಿತ್ತು. ಕೈತೊಳೆದು ಊಟಕ್ಕೆ ಬಂದ ಅಕ್ಕ ಅದನ್ನು ನೋಡುತ್ತ ಹಾಗೇ ನಿಂತಳು. ಆಮೇಲೆ ತನ್ನ ಕುರ್ಚಿಯನ್ನು ಹಿಂದಿನ ಜಾಗಕ್ಕೆ ಎಳೆದಳು. ಒಳಗಿನಿಂದ ಅಣ್ಣನ ಕುರ್ಚಿ ತಂದು ನಡುವೆ ಇಟ್ಟಳು.

"ಯಾಕೆ ಹೊಟ್ಟೆ ಉರಿಸ್ತೀಯೇ? ಅವನು ಬರಲ್ಲ," ಎಂದಳು ಅಮ್ಮ.

"ಬರ್ದೇ ಇದ್ರೂ ಅವನ ಜಾಗ ಮುಚ್ಚಬಾರ್ದಮ್ಮ."

ಅಷ್ಟು ಹೇಳುವುದರೊಳಗೆ ನಮ್ಮ ಕಲ್ಲು ಮೇಡಂ ಬಿಕ್ಕಿಬಿಕ್ಕಿ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಆ ಕುರ್ಚಿಯ ಮುಂದೆ ಇಟ್ಟಳು.