ರುದ್ರವ್ವನ ಮನಿ ಗಿಡ

ಸಾಂತಾಕ್ರೂಜ್ ಪೂರ್ವದ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯ ಮನೆ. ಆ ಭಾನುವಾರ ಊಟ ಮುಗಿಸಿ ರುದ್ರವ್ವ ಮಂಚದ ಮೇಲೆ ಅಡ್ಡಾಗಿದ್ದಳು. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಹೊಡೆದುಕೊಂಡಿತು. ವಿಜಯಪುರದಿಂದ ತಂಗಿ ಇರಬೇಕೆಂದು ಎದ್ದು ಹೋಗಿ ಎತ್ತಿದರೆ, ರೀಚಾರ್ಜ್ ಮಾಡಿಸಿ ಎನ್ನುವ ಕಂಪನಿಯ ರೆಕಾರ್ಡ್ ದನಿ. "ಥೂ ಇದರ" ಎಂದಳು. ಅಷ್ಟರಲ್ಲಿ ಬೆನ್ನ ಹಿಂದೆ ಮನೆಯೇ ಬಾಯಿಬಿಟ್ಟಂಥ ಸದ್ದು.

ತಿರುಗಿದರೆ ಬರೀ ಬಿಳಿ ಧೂಳು. ಅದು ಇಳಿದ ಮೇಲೆ ನೋಡುತ್ತಾಳೆ, ಮಂಚ ನೆಲಕ್ಕಂಟಿ ಹೋಗಿದೆ, ಅದರ ಮೇಲೆ ಸ್ಲ್ಯಾಬಿನ ದೊಡ್ಡ ತುಂಡು. ದಿಂಬಿದ್ದ ಜಾಗದಲ್ಲಿ ದಿಂಬಿನ ಗುರುತೂ ಇಲ್ಲ. ಮಂಚದ ಮೇಲ್ಗಡೆ, ತುಕ್ಕು ಹಿಡಿದ ಸರಳುಗಳ ನಡುವೆ, ಮೂರನೇ ಮಹಡಿಯವರ ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ. ರುದ್ರವ್ವ ಕೂಗಲಿಲ್ಲ, ಅಳಲಿಲ್ಲ. ಕೈಯಲ್ಲಿದ್ದ ಫೋನು ಮಾತ್ರ ಇನ್ನೂ ಮಾತಾಡುತ್ತಿತ್ತು.

ಸಂಜೆಯೊಳಗೆ ಇಡೀ ಬಿಲ್ಡಿಂಗ್ ಖಾಲಿ ಮಾಡಿಸಿದರು. ಗಂಡ ಸಂಗಪ್ಪ ಬೈಕುಲ್ಲಾದ ತರಕಾರಿ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದವ. ಪರಿಚಯದವರನ್ನು ಹಿಡಿದು ಅಂಧೇರಿಯಲ್ಲಿ ನೆಲಮಹಡಿಯ ಒಂದು ಖೋಲಿ ಹುಡುಕಿದ. ಮಗಳು ರಾಧಿಕಾ ಕಾಲೇಜಿಗೆ ಹೋಗುವವಳು, ಗೆಳತಿಯರಿಂದ ಚಾದರ, ಪಾತ್ರೆ ತಂದಳು. ಸಂಸಾರ ಮತ್ತೆ ನೆಲೆ ನಿಂತಿತು. ರುದ್ರವ್ವ ಮಾತ್ರ ಒಳಗೆ ಬರಲಿಲ್ಲ.

ಅಡುಗೆ ಮಾಡಲು ಒಳಗೆ ಹೋಗುವಳು, ತಲೆ ಬಗ್ಗಿಸಿಕೊಂಡೇ ಒಗ್ಗರಣೆ ಹಾಕುವಳು, ಓಡಿ ಬಂದು ಹೊಸ್ತಿಲ ಹೊರಗೆ ಕುರ್ಚಿಯಲ್ಲಿ ಕೂರುವಳು. ಊಟ ಅಲ್ಲೇ, ನಿದ್ದೆ ಬಂದರೂ ಅಲ್ಲೇ. ಮೇಲಿನವರ ಮನೆಯಲ್ಲಿ ಪಾತ್ರೆ ಬಿದ್ದರೆ ಎದೆ ಹಿಡಿದುಕೊಂಡು ಎದ್ದು ನಿಲ್ಲುವಳು. ಬಂದವರೆಲ್ಲ ದೇವರು ದೊಡ್ಡವನು ಅನ್ನುತ್ತಿದ್ದರು. ರುದ್ರವ್ವನ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಆ ಫೋನು ಬರದಿದ್ದರೆ? ರೀಚಾರ್ಜ್ ಮಾಡಿಸು ಅನ್ನೋ ದನಿ ತನ್ನ ಜೀವ ಉಳಿಸಿತೆ?

ಮಳೆ ನಿಂತ ಮೇಲೆ, ಉಳಿದ ಸಾಮಾನು ತರಲು ಒಂದು ದಿನ ಹಳೆಯ ಮನೆಯೊಳಗೆ ಬಿಟ್ಟರು. ಅಪ್ಪ ಮಗಳು ಹೋದರು. ರುದ್ರವ್ವ ದಾರಿ ಕಾಯುತ್ತಿದ್ದಳು. ಮದುವೆಯ ಇಳಕಲ್ ಸೀರೆ, ಸತ್ತ ತಾಯಿಯ ಫೋಟೊ ಬರುತ್ತವೆಂಬ ಆಸೆ. ಸಂಗಪ್ಪ ಸಿಲಿಂಡರ್ ಹೊತ್ತು ಬಂದ. ರಾಧಿಕಾಳ ಕೈಯಲ್ಲಿ ಒಂದು ಬಕೆಟ್ಟು, ಬಕೆಟ್ಟಿನಲ್ಲಿ ಸುಣ್ಣ ಮೆತ್ತಿದ ಒಂದು ಬಳ್ಳಿ.

"ಸೀರಿ ಎಲ್ಲೈತಿ?"

"ಕಪಾಟು ಇರೋ ಕಡೀಗಿ ಬಿಡಲಿಲ್ಲ ಮಮ್ಮಿ. ಖಿಡಕಿ ಹತ್ರ ಇದು ಸಿಕ್ತು. ದೇಖೊ ನಾ, ಜಿಂದಾ ಹೈ! ಇನ್ನೂ ಜೀವ ಐತಿ!"

ಕಿಟಕಿಯಲ್ಲಿ ಬಾಟಲಿಗೆ ಹಾಕಿಟ್ಟಿದ್ದ ಮನಿ ಪ್ಲಾಂಟು. ಮುಂಬಯಿಗೆ ಬಂದ ಹೊಸದರಲ್ಲಿ ಅದರ ಹೆಸರು ಕೇಳಿ, ಮನಿಯೊಳಗ ಇಡೋ ಗಿಡ ಅದಕ್ಕೇ ಮನಿ ಪ್ಲಾಂಟು ಎಂದು ರುದ್ರವ್ವ ತಿಳಿದಿದ್ದಳು. ಮನಿ ಅಂದರೆ ದುಡ್ಡು ಎಂದು ಮಗಳು ನಕ್ಕು ತಿದ್ದಿದರೂ ಬಾಯಲ್ಲಿ ಮನಿ ಗಿಡವೇ ಉಳಿದಿತ್ತು. ಈಗ ಅದನ್ನು ನೋಡಿ ಅವಳಿಗೆ ರೇಗಿಹೋಯಿತು.

"ನಮ್ಮವ್ವನ ಫೋಟೊ ಬಿಟ್ಟು ಈ ಕಸ ತಂದೀಯೇನ? ಒಗಿ ಹೊರಗ!"

ರಾಧಿಕಾ ಬಳ್ಳಿ ತೊಳೆದಳು, ಒಣಗಿದ್ದನ್ನು ಕತ್ತರಿಸಿದಳು, ಉಳಿದ ಗೇಣುದ್ದವನ್ನು ನೀರು ತುಂಬಿದ ಜಾಮ್ ಬಾಟಲಿಗಿಟ್ಟು ಒಳಗಿನ ಗೂಡಿನಲ್ಲಿರಿಸಿದಳು.

ಎಷ್ಟೋ ದಿನ ರುದ್ರವ್ವ ಅದರ ಕಡೆ ನೋಡಲಿಲ್ಲ. ಒಮ್ಮೆ ನೀರು ಬದಲಿಸಲೆಂದು ಬಾಟಲಿ ಎತ್ತಿದವಳು ಹಾಗೇ ನಿಂತಳು. ಗೆಣ್ಣಿನಿಂದ ಎಳೆಗಳಂಥ ಬಿಳಿ ಬೇರು ಇಳಿದಿತ್ತು. ಮನೆ ಕುಸಿದಾಗ ಇದೂ ಅಲ್ಲೇ ಇತ್ತು. ಅಷ್ಟು ದಿನ ಧೂಳಿನಡಿ, ನೀರು ಹಾಕುವವರಿಲ್ಲದೆ.

"ಸಾಯಾಕೂ ಗೊತ್ತಾಗಲಿಲ್ಲೇನ ನಿನಗ?" ಎಂದಳು. ಅಪಘಾತವಾದ ಮೇಲೆ ಮೊದಲ ಸಲ, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ದಿನಾ ಬೆಳಗ್ಗೆ ಗಿಡದ ಮುಂದೆ ನಿಲ್ಲುವುದು ಶುರುವಾಯಿತು. ಚಿಗುರು ಸುರುಳಿ ಬಿಚ್ಚುವುದನ್ನು ಕಾಯುವಳು. ಬಳ್ಳಿ ಜೋತು ಬಿದ್ದಾಗ ಗೋಡೆಯ ಮೊಳೆಗೆ ದಾರ ಕಟ್ಟಿದಳು. ಅದು ಏರಿತು, ಇನ್ನೊಂದು ಮೊಳೆ ಹೊಡೆಸಿದಳು. ಒಂದು ಮಧ್ಯಾಹ್ನ ಸ್ಟೂಲು ಹತ್ತಿ ತುದಿಯನ್ನು ಕಿಟಕಿಯ ಮೇಲಿನ ಕೊಕ್ಕೆಗೆ ಸಿಕ್ಕಿಸುತ್ತಿದ್ದಾಗ ಬೆರಳಿಗೆ ಏನೋ ತಣ್ಣಗೆ, ಒರಟಾಗಿ ತಾಗಿತು. ಕತ್ತೆತ್ತಿ ನೋಡಿದಳು. ಸ್ಲ್ಯಾಬು! ಬೆರಳು ಸುಟ್ಟವಳಂತೆ ಕೈ ಎಳೆದುಕೊಂಡಳು, ಸ್ಟೂಲು ಅಲ್ಲಾಡಿತು, ಗೋಡೆ ಹಿಡಿದು ಹೇಗೋ ಇಳಿದಳು.

ಸಂಜೆ ಸಂಗಪ್ಪ ಬಂದಾಗ ಹೇಳಿದಳು, "ಇವತ್ತ ಮ್ಯಾಲ ನೋಡಿದೆ ರೀ."

ಚಪ್ಪಲಿ ಬಿಡುತ್ತಿದ್ದ ಸಂಗಪ್ಪ ಹಾಗೇ ನಿಂತ. "ಏನ್ ಕಂಡ್ತು?"

"ಒಂದ ಸೀಳು ಐತಿ. ಹಳೇದು. ಬರೇ ಬಣ್ಣದ್ದಿರಬೇಕು."

ಆ ವಾರ ಕುರ್ಚಿ ಹೊಸ್ತಿಲ ಒಳಗೆ ಬಂತು. ಮುಂದೆ ಚಾಪೆಯೂ ಒಳಗೆ ಬಂತು, ಬಾಗಿಲ ಪಕ್ಕಕ್ಕೇ.

ಎಲ್ಲ ಸರಿಹೋಯಿತೆಂದಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ ಮೇಲಿನಿಂದ ಡ್ರಿಲ್ ಮಶೀನಿನ ಸದ್ದು ಬಂತು. ಗೋಡೆ ನಡುಗಿತು, ಸುಣ್ಣದ ಪುಡಿ ಉದುರಿ ತಟ್ಟೆಗೂ ತಲೆಗೂ ಬಿತ್ತು. ರುದ್ರವ್ವ ಊಟದ ಕೈಯಲ್ಲೇ ಬೀದಿಗೆ ಓಡಿದಳು. ಉಸಿರು ಸಿಗಲಿಲ್ಲ, ಕಣ್ಣು ಕತ್ತಲಿಟ್ಟಿತು. ಆಟೋದವನೊಬ್ಬ ನೀರು ಕೊಟ್ಟ. ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ತಿರುಗಿ ಬಂದಳು. ಬಂದವಳು ತನ್ನ ಖೋಲಿಗೆ ಹೋಗಲಿಲ್ಲ. ಎಂದೂ ಹತ್ತದ ಆ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ಬಡಿದಳು.

ಸ್ನೇಹಲ್ ಎಂಬ ಹುಡುಗಿ ಬಾಗಿಲು ತೆಗೆದು, ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು. "ಕಾಯ್ ಝಾಲಂ ಮಾವ್ಶಿ?"

"ಮಶೀನ್ ಚಲಾನೇಕೆ ಪೆಹಲೆ ನೀಚೆ ಆಕೆ ಬೋಲ್ನಾ," ಎಂದಳು ರುದ್ರವ್ವ. ಮಶೀನು ಹಚ್ಚುವ ಮೊದಲು ಕೆಳಗೆ ಬಂದು ಹೇಳಬೇಕಿತ್ತು. "ಮೇರೆ ಊಪರ್ ಏಕ್ ಬಾರ್ ಗಿರಾ ಹೈ."

ಒಮ್ಮೆ ಮೇಲೆ ಬಿದ್ದಿದೆ ಎಂದದ್ದು ಕೇಳಿ ಹುಡುಗಿ ಒಳಗೆ ಹೋಗಿ ಮಶೀನು ನಿಲ್ಲಿಸಿ ಬಂದು, ರುದ್ರವ್ವನ ಎರಡೂ ಕೈ ಹಿಡಿದುಕೊಂಡಳು.

ಕೆಳಗೆ ಬಂದಾಗ ಬಳ್ಳಿಯ ಎಲೆಗಳೆಲ್ಲ ಸುಣ್ಣದ ಪುಡಿ ಕೂತು ಬೆಳ್ಳಗಾಗಿದ್ದವು. ರುದ್ರವ್ವ ಅರಿವೆ ಒದ್ದೆ ಮಾಡಿ, ಕೆಳಗಿನ ಎಲೆಯಿಂದ ಒರೆಸತೊಡಗಿದಳು. ಸ್ಲ್ಯಾಬಿನ ಹತ್ತಿರದ ಎಲೆಗಳು ಕೈಗೆಟುಕಲಿಲ್ಲ. ಸ್ಟೂಲು ಎಳೆದುಕೊಂಡಳು.